ಕ್ಷೇತ್ರಕಾರ್ಯಕ್ಕೆ ಕಾಲವಿಲ್ಲದ ಮಾನವಶಾಸ್ತ್ರ: ಹರಿಹರದ ಸುತ್ತಮುತ್ತ ಅತಿಥಿ ಉಪನ್ಯಾಸಕರ ದುಡಿಮೆ

ಮನುಷ್ಯ ಸಮುದಾಯಗಳ ದೇಹಲಕ್ಷಣ, ಬಂಧುತ್ವ, ಜೀವನೋಪಾಯ, ಆಚರಣೆ, ಭಾಷೆ ಮತ್ತು ನಂಬಿಕೆಗಳನ್ನು ಪರಸ್ಪರ ಹೆಣೆದುಕೊಂಡ ಸಂಗತಿಗಳಾಗಿ ಅಧ್ಯಯನ ಮಾಡುವ ವಿದ್ಯೆಯನ್ನು ಮಾನವಶಾಸ್ತ್ರ ಎನ್ನುತ್ತಾರೆ. ಮನುಷ್ಯನ ವಿಕಾಸವನ್ನೂ ಶರೀರವೈವಿಧ್ಯವನ್ನೂ ಪರಿಶೀಲಿಸುವ ಭೌತಿಕ ಮಾನವಶಾಸ್ತ್ರ, ಬರಹಕ್ಕಿಂತ ಹಿಂದಿನ ಕಾಲವನ್ನು ನೆಲದೊಳಗಿನ ಉಳಿಕೆಗಳಿಂದ ಅರಿಯುವ ಪ್ರಾಗಿತಿಹಾಸ, ಇಂದು ಬದುಕಿರುವ ಜನರ ಕುಟುಂಬ, ಕುಲ, ಮದುವೆ, ದೈವ ಮತ್ತು ದುಡಿಮೆಗಳ ವ್ಯವಸ್ಥೆಯನ್ನು ನೋಡುವ ಸಾಮಾಜಿಕ ಮಾನವಶಾಸ್ತ್ರ ಇವು ಇದರ ಮುಖ್ಯ ಕವಲುಗಳು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನ ಎರಡನೆಯ ಕವಲಿಗೆ ಸೇರಿದರೆ, ಹಳ್ಳಿಯೊಂದರಲ್ಲಿ ಸೋದರಮಾವನ ಮಗಳನ್ನು ಏಕೆ ತರುತ್ತಾರೆ, ಒಂದೇ ಬೆಡಗಿನವರಲ್ಲಿ ಏಕೆ ಮದುವೆ ಮಾಡುವುದಿಲ್ಲ ಎಂಬ ಪ್ರಶ್ನೆಗಳು ಮೂರನೆಯದಕ್ಕೆ ಸೇರುತ್ತವೆ. ಈ ಲೇಖನದ ಗಮನ ಮುಖ್ಯವಾಗಿ ಮೂರನೆಯ ಕವಲಿನ ಮೇಲೆ, ಅದನ್ನು ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ತಾತ್ಕಾಲಿಕ ನೇಮಕದ ಮೇಲೆ ಕಲಿಸುವವರ ಮೇಲೆ, ಮತ್ತು ಅಂಥ ನೇಮಕದಿಂದ ಆ ವಿದ್ಯೆಗೇ ಒದಗುವ ನಷ್ಟದ ಮೇಲೆ ಇದೆ.

ಸಾಮಾಜಿಕ ಮಾನವಶಾಸ್ತ್ರವನ್ನು ನೆರೆಯ ಶಾಸ್ತ್ರಗಳಿಂದ ಬೇರ್ಪಡಿಸುವುದು ಅದರ ವಿಧಾನ. ಅಧ್ಯಯನ ಮಾಡುವವರು ಜನರ ನಡುವೆ ದೀರ್ಘಕಾಲ ನೆಲೆಸಿ, ಅವರ ಮಾತನ್ನು ಕಲಿತು, ಅವರ ಕೆಲಸಕಾರ್ಯಗಳಲ್ಲಿ ಸೇರಿಕೊಂಡು, ಕಂಡದ್ದನ್ನು ದಿನದಿನವೂ ಬರೆದಿಡುವುದನ್ನು ಕ್ಷೇತ್ರಕಾರ್ಯ ಎಂದೂ, ಹೀಗೆ ಪಾಲ್ಗೊಳ್ಳುತ್ತಲೇ ನೋಡುವ ಕ್ರಮವನ್ನು ಸಹಭಾಗಿ ಅವಲೋಕನ ಎಂದೂ ಕರೆಯುತ್ತಾರೆ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಬ್ರೋನಿಸ್ಲಾವ್ ಮಾಲಿನೋವ್ಸ್ಕಿ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಕಳೆದ ದೀರ್ಘ ಅವಧಿ ಈ ಕ್ರಮಕ್ಕೆ ಮಾದರಿಯಾಯಿತು. ಅಂದಿನಿಂದ ಒಂದು ಪೂರ್ಣ ವರ್ಷವನ್ನಾದರೂ ಕ್ಷೇತ್ರದಲ್ಲಿ ಕಳೆಯಬೇಕೆಂಬ ಅಲಿಖಿತ ನಿಯಮ ಬೆಳೆದುಬಂದಿತು. ಬಿತ್ತನೆಯಿಂದ ಸುಗ್ಗಿಯವರೆಗೆ, ಯುಗಾದಿಯಿಂದ ಹೋಳಿಯವರೆಗೆ, ಮದುವೆಯ ತಿಂಗಳುಗಳಿಂದ ಸಾಲ ತೀರಿಸುವ ತಿಂಗಳುಗಳವರೆಗೆ ಊರಿನ ಬದುಕು ಒಂದು ಸುತ್ತು ಪೂರ್ತಿಯಾಗುವುದನ್ನು ಕಾಣದೆ ಆ ಊರಿನ ಬಗ್ಗೆ ಬರೆಯುವುದು ಅರೆಬರೆ ತಿಳಿವಳಿಕೆಗೆ ದಾರಿಯಾಗುತ್ತದೆ ಎಂಬುದು ಇದರ ಹಿಂದಿನ ವಿಚಾರ.

ಕನ್ನಡ ನಾಡಿನಲ್ಲಿ ಈ ವಿಧಾನಕ್ಕೆ ಒದಗಿದ ಶ್ರೇಷ್ಠ ಉದಾಹರಣೆ 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸ್ ಅವರದು. ಕೆಳಸ್ತರದ ಜಾತಿಗಳು ಮೇಲುಜಾತಿಗಳ ಆಚಾರವಿಚಾರಗಳನ್ನು ಅಳವಡಿಸಿಕೊಂಡು ಸ್ಥಾನಮಾನ ಏರಿಸಿಕೊಳ್ಳಲು ಯತ್ನಿಸುವ ಪ್ರಕ್ರಿಯೆಗೆ ಅವರು ಕೊಟ್ಟ ಸಂಸ್ಕೃತೀಕರಣ ಎಂಬ ಪರಿಕಲ್ಪನೆ, ಚುನಾವಣಾ ರಾಜಕಾರಣದ ಚರ್ಚೆಯಲ್ಲಿ ಇಂದು ಎಲ್ಲರೂ ಬಳಸುವ ಪ್ರಬಲ ಜಾತಿ ಎಂಬ ಪರಿಕಲ್ಪನೆ, ಎರಡೂ ಕರ್ನಾಟಕದ ನೆಲದಲ್ಲಿ ನಡೆದ ಕ್ಷೇತ್ರಕಾರ್ಯದ ಫಲಗಳು. ಅವರು ರಾಂಪುರ ಎಂಬ ಕಲ್ಪಿತ ಹೆಸರಿನಿಂದ ವರ್ಣಿಸಿದ ಮೈಸೂರು ಸೀಮೆಯ ಹಳ್ಳಿಯಲ್ಲಿ 1948ರ ಬಹುಭಾಗವನ್ನು ಕಳೆಯಲು ಸಾಧ್ಯವಾದದ್ದು ಹೇಗೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅವರನ್ನು ಭಾರತೀಯ ಸಮಾಜಶಾಸ್ತ್ರದ ಉಪನ್ಯಾಸಕರನ್ನಾಗಿ ನೇಮಿಸಿಕೊಂಡಾಗ, ಆ ಹುದ್ದೆಯ ಮೊದಲ ವರ್ಷವನ್ನು ಪಾಠ ಹೇಳುವುದಕ್ಕೆ ಬದಲಾಗಿ ಹಳ್ಳಿಯಲ್ಲಿ ಕ್ಷೇತ್ರಕಾರ್ಯಕ್ಕೆ ವಿನಿಯೋಗಿಸಲು ಅವಕಾಶ ಸಿಕ್ಕಿತು. ಸಂಬಳ ಪಡೆಯುವ ಅಧ್ಯಾಪಕನೊಬ್ಬನಿಗೆ ತರಗತಿಯಿಂದ ಒಂದು ವರ್ಷದ ಬಿಡುವು ಕೊಟ್ಟದ್ದರಿಂದ ಭಾರತೀಯ ಸಮಾಜದ ಅಧ್ಯಯನಕ್ಕೆ ದೊರೆತದ್ದು ಮುಂದಿನ ಅರ್ಧ ಶತಮಾನದ ಚಿಂತನೆಗೆ ಸಾಕಾಗುವಷ್ಟು ಸಾಮಗ್ರಿ.

ಇದೇ ಬಗೆಯ ಇನ್ನೊಂದು ಉದಾಹರಣೆ ಮಂಡ್ಯ ಸೀಮೆಯದು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ 1954ರಿಂದ 1956ರವರೆಗೆ ಅಲ್ಲಿನ ಎರಡು ಹಳ್ಳಿಗಳನ್ನು ವಂಗಲ ಮತ್ತು ದಲೇನ ಎಂಬ ಹೆಸರಿಟ್ಟು ಅಧ್ಯಯನ ಮಾಡಿದರು. ಮೊದಲನೆಯದರ ಜಮೀನಿಗೆ ಕಾಲುವೆ ನೀರು ಹರಿದು ಕಬ್ಬಿನ ಬೇಸಾಯ ಬಂದಿತ್ತು. ಎರಡನೆಯದು ಕಾಲುವೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ನೀರು ಸಿಗದೆ ಅಲ್ಲಿನ ಜನ ನೌಕರಿ, ವ್ಯಾಪಾರ, ಗಾಡಿ ಕೆಲಸಗಳ ಕಡೆಗೆ ಹೊರಳಿದ್ದರು. ನೀರು ಸಿಕ್ಕ ಹಳ್ಳಿಯಲ್ಲಿ ಹಣ ಹೆಚ್ಚಿದರೂ ಹಳೆಯ ಸಾಮಾಜಿಕ ಸಂಬಂಧಗಳು ಬಹುಮಟ್ಟಿಗೆ ಉಳಿದವು, ನೀರು ಸಿಗದ ಹಳ್ಳಿಯಲ್ಲಿ ಸಂಬಂಧಗಳೇ ಬದಲಾದವು ಎಂಬ ಅವರ ನಿರ್ಣಯ ಅಂದಿನ ಅಭಿವೃದ್ಧಿ ಚಿಂತಕರಿಗೆ ಅನಿರೀಕ್ಷಿತವಾಗಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅವರು 1970ರ ಹೊತ್ತಿಗೆ ಮತ್ತೆ ಅದೇ ಹಳ್ಳಿಗಳಿಗೆ ಬಂದು, ಹಿಂದೆ ತಾವು ಹೇಳಿದ್ದು ಎಷ್ಟರಮಟ್ಟಿಗೆ ನಿಂತಿದೆ ಎಂದು ಪರೀಕ್ಷಿಸಿ, 1973ರಲ್ಲಿ ಎರಡನೆಯ ಪುಸ್ತಕ ಪ್ರಕಟಿಸಿದರು. ಒಂದೇ ಊರನ್ನು ವರ್ಷಗಳ ಅಂತರದಲ್ಲಿ ಮತ್ತೆ ನೋಡುವ ಇಂಥ ಕೆಲಸವನ್ನು ಪುನರಧ್ಯಯನ ಎನ್ನುತ್ತಾರೆ, ಮತ್ತು ಅದಕ್ಕೆ ಬೇಕಾದದ್ದು ಮುರಿಯದೆ ಸಾಗುವ ವೃತ್ತಿಜೀವನ.

ಮಧ್ಯ ಕರ್ನಾಟಕದ ಹರಿಹರ ಮತ್ತು ದಾವಣಗೆರೆಯ ಸೀಮೆ ಇಂಥ ಅಧ್ಯಯನಕ್ಕೆ ತೆರೆದಿಟ್ಟ ಕ್ಷೇತ್ರವಾಗಿದೆ. ಭದ್ರಾ ಕಾಲುವೆಯ ನೀರಿನಿಂದ ಹರಿಹರ ಮತ್ತು ದಾವಣಗೆರೆ ತಾಲ್ಲೂಕುಗಳ ಬಹುಭಾಗ ಭತ್ತದ ಸೀಮೆಯಾಗಿದೆ. ದಾವಣಗೆರೆ ಜಿಲ್ಲೆಯದೇ ಆದ ಜಗಳೂರು ತಾಲ್ಲೂಕು ಮಳೆಯನ್ನೇ ನಂಬಿದ ಒಣಭೂಮಿ. ಕಾಲುವೆಯ ಆರಂಭದ ಊರುಗಳಿಗೆ ಸಿಗುವಷ್ಟು ನೀರು ಕೊನೆಭಾಗದ ಜಮೀನುಗಳಿಗೆ ತಲಪುವುದಿಲ್ಲವೆಂಬ ರೈತರ ಹೋರಾಟ ಇಲ್ಲಿ ಬೇಸಿಗೆ ಬೆಳೆಯ ಕಾಲದಲ್ಲಿ ಮರುಕಳಿಸುತ್ತಲೇ ಇರುತ್ತದೆ. ವಂಗಲ ಮತ್ತು ದಲೇನಗಳಲ್ಲಿ ಎಪ್‌ಸ್ಟೈನ್ ಕೇಳಿದ ಪ್ರಶ್ನೆಯನ್ನೇ ಇಲ್ಲಿ ಕೇಳಿದರೆ, ಆರಂಭದ ಊರು, ಕೊನೆಭಾಗದ ಊರು, ಒಣಭೂಮಿಯ ಊರು ಎಂದು ಹೋಲಿಕೆಗೆ ಎರಡರ ಬದಲು ಮೂರು ನೆಲೆಗಳು ಸಿಗುತ್ತವೆ.

ಕೈಗಾರಿಕೆಯ ಕಥೆಯೂ ಇಲ್ಲಿ ಕಡಿಮೆಯದಲ್ಲ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್ ಮುಂತಾದ ಯಂತ್ರೋಪಕರಣಗಳಿಗೆ ಹೆಸರಾಗಿ, ಸುತ್ತಲಿನ ಹಳ್ಳಿಗಳ ಬೇಸಾಯದ ಕುಟುಂಬಗಳಿಂದ ಕಾರ್ಮಿಕರ ತಲೆಮಾರುಗಳನ್ನು ಬೆಳೆಸಿ, ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿಹೋಯಿತು. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಮರದ ಕಚ್ಚಾವಸ್ತು ಒದಗಿಸುವ ಸಲುವಾಗಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ರಚನೆಯಾಗಿ, ಹಳ್ಳಿಗರು ದನ ಮೇಯಿಸಲು ಮತ್ತು ಸೌದೆ ತರಲು ನೆಚ್ಚಿಕೊಂಡಿದ್ದ ಸಮುದಾಯದ ಭೂಮಿಯಲ್ಲಿ ನೀಲಗಿರಿ ನೆಡಲು ಹೊರಟಾಗ, 1987ರ ನವೆಂಬರ್‌ನಲ್ಲಿ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಜನರಿಗೆ ಉಪಯೋಗವಾಗುವ ಗಿಡ ನೆಡುವ ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ನಡೆಯಿತು. ಗೋಮಾಳವೆಂದರೆ ಯಾರದು, ಅದನ್ನು ಬಳಸುವ ಹಕ್ಕು ಯಾವ ಕುಟುಂಬಗಳಿಗೆ ಹೇಗೆ ಬಂದಿತು ಎಂಬ ಪ್ರಶ್ನೆ ಕಂದಾಯ ದಾಖಲೆಗಳಿಂದ ಪೂರ್ತಿಯಾಗಿ ಬಗೆಹರಿಯುವುದಿಲ್ಲ, ಊರಿನ ರೂಢಿಯನ್ನು ಬಲ್ಲವರಿಂದ ಕೇಳಿ ತಿಳಿಯಬೇಕಾದದ್ದು.

ನಂಬಿಕೆ ಮತ್ತು ಸಮುದಾಯ ಸಂಘಟನೆಯ ವಿಷಯದಲ್ಲಿ ಈ ಸೀಮೆ ಇನ್ನೂ ಸಮೃದ್ಧ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1224ರಲ್ಲಿ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಶೈವ ಮತ್ತು ವೈಷ್ಣವ ದೈವಗಳು ಒಂದೇ ಮೂರ್ತಿಯಲ್ಲಿ ಪೂಜೆಗೊಳ್ಳುತ್ತವೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠವಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾಗಿ, ದೂರದ ರಾಜ್ಯಗಳ ತಾಂಡಾಗಳಿಂದಲೂ ಭಕ್ತರನ್ನು ಸೆಳೆಯುತ್ತದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಇಂಥ ಒಂದು ಜಾತ್ರೆಯನ್ನು ಒಮ್ಮೆ ನೋಡಿದವರು ಅದನ್ನು ವರ್ಣಿಸಬಹುದು. ಯಾವ ಮನೆತನಕ್ಕೆ ಯಾವ ಹಕ್ಕು, ಯಾವ ಕೇರಿಯವರಿಗೆ ಯಾವ ಸೇವೆ, ಈ ಸಲ ಬದಲಾದದ್ದೇನು ಎಂದು ಹೇಳಬೇಕಾದರೆ ಎರಡು ಜಾತ್ರೆಗಳನ್ನಾದರೂ ಹತ್ತಿರದಿಂದ ಕಾಣಬೇಕು. ಅದಕ್ಕೆ ಎರಡು ವರ್ಷಕ್ಕೂ ಮಿಕ್ಕಿ ಇದೇ ಊರಿನಲ್ಲಿ ನೆಲೆ ಇರಬೇಕು.

ಇಷ್ಟು ಸಾಮಗ್ರಿ ಇರುವ ಸೀಮೆಯಲ್ಲಿ ಮಾನವಶಾಸ್ತ್ರವನ್ನು ಕಲಿಯುವ ದಾರಿ ಮಾತ್ರ ಕಿರಿದು. ಸ್ನಾತಕೋತ್ತರ ಮಟ್ಟದಲ್ಲಿ ಅದನ್ನು ಸ್ವತಂತ್ರ ವಿಷಯವಾಗಿ ಕಲಿಸುವ ವಿಭಾಗಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಮೈಸೂರು ವಿಶ್ವವಿದ್ಯಾಲಯದ ವಿಭಾಗಗಳು ಅವುಗಳಲ್ಲಿ ಮುಖ್ಯವಾದವು. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಮತ್ತು ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆ ಎರಡೂ ಮೈಸೂರಿನಲ್ಲಿವೆ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಬುಡಕಟ್ಟು ಅಧ್ಯಯನ ವಿಭಾಗ ಮತ್ತು 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಆರಂಭವಾದ ಜಾನಪದ ವಿಶ್ವವಿದ್ಯಾಲಯ ಈ ವಿದ್ಯೆಯ ನೆರೆಹೊರೆಯವು. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ, ಕುವೆಂಪು ವಿಶ್ವವಿದ್ಯಾಲಯದ ಆಡಳಿತಕ್ಕೆ ಸೇರಿ, 2009ರಲ್ಲಿ ಸ್ವತಂತ್ರಗೊಂಡ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯ ಪದವಿ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಮಾನವಶಾಸ್ತ್ರ ಎದುರಾಗುವುದು ಬಹುಪಾಲು ಸಮಾಜಶಾಸ್ತ್ರದ ಪಠ್ಯದೊಳಗಿನ ಭಾಗವಾಗಿ. ಹುದ್ದೆಗಳೂ ಸಮಾಜಶಾಸ್ತ್ರದ ಹೆಸರಿನಲ್ಲಿಯೇ ಇರುವುದರಿಂದ, ಧಾರವಾಡಕ್ಕೋ ಮೈಸೂರಿಗೋ ಹೋಗಿ ಮಾನವಶಾಸ್ತ್ರವನ್ನೇ ಓದಿಬಂದವರಿಗೆ ತವರು ಜಿಲ್ಲೆಯಲ್ಲಿ ಪಾಠ ಹೇಳುವ ಅವಕಾಶ ತೀರ ಕಡಿಮೆ. ಸಿಕ್ಕರೂ ಅದು ಅತಿಥಿ ಉಪನ್ಯಾಸಕ ಹುದ್ದೆಯಾಗಿರುವ ಸಂಭವವೇ ಹೆಚ್ಚು.

ಅತಿಥಿ ಉಪನ್ಯಾಸಕರೆಂದರೆ ಖಾಲಿ ಉಳಿದ ಕಾಯಂ ಹುದ್ದೆಗಳ ಪಾಠದ ಹೊರೆಯನ್ನು ಹೊರಲು ಶೈಕ್ಷಣಿಕ ವರ್ಷಕ್ಕೆ ಅಥವಾ ಸೆಮಿಸ್ಟರ್‌ಗೆ ಸೀಮಿತವಾಗಿ ನೇಮಕಗೊಳ್ಳುವವರು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಕಾಲೇಜು ಶಿಕ್ಷಣ ಇಲಾಖೆ ಅರ್ಜಿ ಕರೆದು, ಅಂಕ, ಅರ್ಹತೆ ಮತ್ತು ಸೇವಾನುಭವಗಳ ಆಧಾರದ ಮೇಲೆ ಪಟ್ಟಿ ಮಾಡಿ, ಕೌನ್ಸೆಲಿಂಗ್ ಮೂಲಕ ಕಾಲೇಜು ಹಂಚುತ್ತದೆ. ವಿಶ್ವವಿದ್ಯಾಲಯಗಳು ತಮ್ಮ ವಿಭಾಗಗಳಿಗೆ ತಾವೇ ಆಯ್ಕೆ ಮಾಡಿಕೊಳ್ಳುತ್ತವೆ. ವಾರಕ್ಕೆ ಇಷ್ಟು ಗಂಟೆ ಪಾಠ ಎಂಬ ಲೆಕ್ಕಕ್ಕೆ ಕಾರ್ಯಭಾರ ಎಂದೂ, ಕೊಡುವ ಹಣಕ್ಕೆ ಗೌರವಧನ ಎಂದೂ ಹೆಸರು. ಕಾಯಂ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರೆ ಅತಿಥಿಯ ಕಾರ್ಯಭಾರ ಅವರಿಗೆ ಹೋಗುತ್ತದೆ, ಅತಿಥಿ ಬಿಡುಗಡೆ ಹೊಂದುತ್ತಾರೆ. ಮುಂದಿನ ವರ್ಷ ಅದೇ ಕಾಲೇಜು ಸಿಗುತ್ತದೆಂಬ ಭರವಸೆ ಯಾರಿಗೂ ಇರುವುದಿಲ್ಲ.

ಗೌರವಧನದ ಇತಿಹಾಸವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. 2022ರ ಆರಂಭದವರೆಗೆ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಸಿಗುತ್ತಿದ್ದುದು ತಿಂಗಳಿಗೆ 11,000 ರೂಪಾಯಿ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ವಿಧಿಸಿರುವ ನೆಟ್, ಸ್ಲೆಟ್ ಅಥವಾ ಪಿಎಚ್.ಡಿ. ಅರ್ಹತೆ ಇದ್ದವರಿಗೆ 13,000. ದೀರ್ಘ ಮುಷ್ಕರದ ನಂತರ 2022ರ ಜನವರಿಯಲ್ಲಿ ಸರ್ಕಾರ ಅದನ್ನು ಅರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ 26,000ದಿಂದ 32,000 ರೂಪಾಯಿಗೆ ಏರಿಸಿತು. ಅದರೊಂದಿಗೆ ವಾರಕ್ಕೆ ಎಂಟು ಹತ್ತು ಗಂಟೆಗಳಷ್ಟಿದ್ದ ಕಾರ್ಯಭಾರವನ್ನು 15 ಗಂಟೆಗೆ ಹೆಚ್ಚಿಸಲಾಯಿತು. ಒಬ್ಬರ ಪಾಲಿನ ಗಂಟೆ ಹೆಚ್ಚಿದಾಗ ಬೇಕಾಗುವ ಜನರ ಸಂಖ್ಯೆ ಇಳಿಯುವುದು ಸಹಜವಾದ್ದರಿಂದ, ಕೆಲವರಿಗೆ ಸಂಬಳ ಏರಿದ ಆದೇಶವೇ ಇನ್ನು ಕೆಲವರಿಗೆ ಕೆಲಸ ಕಳೆದ ಆದೇಶವೂ ಆಯಿತು. 2023ರ ನವೆಂಬರ್ ಕೊನೆಯಿಂದ ಮತ್ತೆ ತರಗತಿಗಳನ್ನು ಬಹಿಷ್ಕರಿಸಿದ ಉಪನ್ಯಾಸಕರು ಸೇವಾ ಭದ್ರತೆ ಕೇಳಿ, ಹೊಸ ವರ್ಷದ ಹೊತ್ತಿಗೆ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಸಿದರು. 2024ರ ಜನವರಿಯಲ್ಲಿ ಸರ್ಕಾರ ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿ ಹೆಚ್ಚಳ, ಆರೋಗ್ಯ ವಿಮೆ, ಹತ್ತು ವರ್ಷ ದುಡಿದು 60ನೆಯ ವಯಸ್ಸಿಗೆ ನಿವೃತ್ತರಾಗುವವರಿಗೆ 5 ಲಕ್ಷ ರೂಪಾಯಿಯ ಇಡಗಂಟು ಮೊದಲಾದ ಸೌಲಭ್ಯಗಳನ್ನು ಪ್ರಕಟಿಸಿತು. ಕಾಯಮಾತಿಯ ಬೇಡಿಕೆ ಹಾಗೆಯೇ ಉಳಿಯಿತು.

ಹೋಲಿಕೆಗಾಗಿ ಹೇಳುವುದಾದರೆ, ಏಳನೆಯ ವೇತನ ಶ್ರೇಣಿಯಲ್ಲಿ ಹೊಸದಾಗಿ ಸೇರುವ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನವೇ 57,700 ರೂಪಾಯಿ, ಭತ್ಯೆಗಳು ಇದಕ್ಕೆ ಹೊರತು. ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದ ವಿದ್ಯಾರ್ಥಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಅಂದರೆ ಹಲವು ವರ್ಷ ಪಾಠ ಹೇಳಿದ ಉಪನ್ಯಾಸಕರು ತಮ್ಮ ಕೈಯಲ್ಲಿ ಕಲಿತು ಫೆಲೋಶಿಪ್ ಪಡೆದ ವಿದ್ಯಾರ್ಥಿಗಿಂತ ಕಡಿಮೆ ಹಣ ಪಡೆಯುವ ಸಂದರ್ಭಗಳು ಇವೆ.

ಈ ಕಷ್ಟಗಳು ಎಲ್ಲ ವಿಷಯಗಳ ಅತಿಥಿ ಉಪನ್ಯಾಸಕರಿಗೂ ಸಮಾನ. ಮಾನವಶಾಸ್ತ್ರವನ್ನು ಕಲಿಸುವವರ ಸ್ಥಿತಿ ಭಿನ್ನವಾಗುವುದು ಅವರ ವಿದ್ಯೆಯ ಸ್ವರೂಪದಿಂದ. ಗಣಿತದ ಅಧ್ಯಾಪಕರು ಕಾಲೇಜು ಬದಲಿಸಿದರೂ ಅವರ ವಿದ್ಯೆ ಅವರೊಡನೆ ಹೋಗುತ್ತದೆ. ಕ್ಷೇತ್ರಕಾರ್ಯ ಮಾಡುವವರ ವಿದ್ಯೆಯ ಅರ್ಧಭಾಗ ಇರುವುದು ಒಂದು ನಿರ್ದಿಷ್ಟ ಊರಿನ ಜನರೊಂದಿಗೆ ಬೆಳೆದ ನಂಬಿಕೆಯಲ್ಲಿ. ಹೊರಗಿನಿಂದ ಬಂದು ವಂಶಾವಳಿ ಕೇಳುವವರನ್ನು, ಜಮೀನಿನ ಪಾಲಿನ ವಿಷಯ ವಿಚಾರಿಸುವವರನ್ನು ಯಾವ ಹಳ್ಳಿಯೂ ಮೊದಲ ತಿಂಗಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಆ ನಂಬಿಕೆ ಬೆಳೆಯುವ ಹೊತ್ತಿಗೆ ಕೌನ್ಸೆಲಿಂಗ್‌ನಲ್ಲಿ ಬೇರೆ ತಾಲ್ಲೂಕಿನ ಕಾಲೇಜು ಬಂದರೆ, ಉಪನ್ಯಾಸಕರು ಕಳೆದುಕೊಳ್ಳುವುದು ಅದುವರೆಗಿನ ಸಂಶೋಧನೆಯನ್ನೇ.

ಕಾಲಗಣನೆಯ ತೊಡಕು ಇನ್ನೊಂದು. ತರಗತಿಗಳು ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 15 ಗಂಟೆಯ ಪಾಠ, ಅದರ ಸಿದ್ಧತೆ, ಆಂತರಿಕ ಪರೀಕ್ಷೆಗಳ ಕೆಲಸ ಮುಗಿಸಿ ಹಳ್ಳಿಯಲ್ಲಿ ಉಳಿಯುವುದು ಅಸಾಧ್ಯ. ಬಿಡುವು ಸಿಗುವುದು ರಜೆಯಲ್ಲಿ. ರಜೆಯ ತಿಂಗಳುಗಳಿಗೆ ಅತಿಥಿಗೆ ಗೌರವಧನವಿಲ್ಲ. ಕ್ಷೇತ್ರಕ್ಕೆ ಹೋಗಬಹುದಾದ ಕಾಲದಲ್ಲಿಯೇ ಕೈ ಬರಿದಾಗುವುದರಿಂದ, ಆ ತಿಂಗಳುಗಳು ಮನೆಪಾಠಕ್ಕೆ, ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಲ್ಲಿ ಪಾಠ ಹೇಳುವುದಕ್ಕೆ, ಕೃಷಿ ಕುಟುಂಬದವರಾದರೆ ಹೊಲದ ಕೆಲಸಕ್ಕೆ ಹೋಗುತ್ತವೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮಾನವಶಾಸ್ತ್ರ ಐಚ್ಛಿಕ ವಿಷಯವಾಗಿದ್ದು, ಅದನ್ನು ಆರಿಸಿಕೊಳ್ಳುವ ಅಭ್ಯರ್ಥಿಗಳು ಬಹಳ ಇರುವುದರಿಂದ, ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ನೆಲೆ ಸಿಗದ ಈ ವಿದ್ಯೆಗೆ ತರಬೇತಿ ಕೇಂದ್ರಗಳಲ್ಲಿ ಬೇಡಿಕೆ ಇದೆ. ಅಲ್ಲಿ ಬೇಕಾದದ್ದು ಉತ್ತರ ಬರೆಯುವ ಚಾತುರ್ಯ, ಕ್ಷೇತ್ರದ ಅನುಭವ ಅಲ್ಲಿ ಬೆಲೆ ಪಡೆಯುವುದಿಲ್ಲ.

ಅರ್ಹತೆಯ ವಿಷಯದಲ್ಲಿಯೂ ಒಂದು ವಿಷಮ ಚಕ್ರವಿದೆ. ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷದ ಅವಧಿ. ಮಾನವಶಾಸ್ತ್ರದಲ್ಲಿ ಅದರೊಳಗೆ ಒಂದು ವರ್ಷವಾದರೂ ಕ್ಷೇತ್ರಕ್ಕೆ ಹೋಗಬೇಕು. ಅತಿಥಿ ಸೇವೆ ಬಿಟ್ಟು ಹೋದರೆ ಸೇವಾನುಭವದ ಅಂಕ ತಪ್ಪುತ್ತದೆ, ಬಿಡದೆ ಮುಂದುವರಿದರೆ ಪ್ರಬಂಧ ಮುಗಿಯುವುದಿಲ್ಲ, ಪ್ರಬಂಧವಿಲ್ಲದೆ ಮುಂದಿನ ನೇಮಕದಲ್ಲಿ ಹಿಂದೆ ಬೀಳಬೇಕು. ನೆಟ್ ಪರೀಕ್ಷೆಯ ಮೂಲಕ ಅರ್ಹತೆ ಪಡೆಯೋಣವೆಂದರೆ ಅದರ ಮಾನವಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡದಲ್ಲಿ ಕ್ಷೇತ್ರಕಾರ್ಯ ಮಾಡಿ, ಕನ್ನಡದಲ್ಲಿ ಟಿಪ್ಪಣಿ ಬರೆದು, ಕನ್ನಡದಲ್ಲಿ ಪಾಠ ಹೇಳುವವರ ಅರ್ಹತೆಯನ್ನು ಅಳೆಯುವ ಈ ಪರೀಕ್ಷೆಯಲ್ಲಿ ಕನ್ನಡಕ್ಕೆ ಸ್ಥಾನವಿಲ್ಲ. ಬೆಡಗು, ಬಳಿ, ಕಟ್ಟೆಮನೆ, ಮೀಸಲು, ಹರಕೆ ಮುಂತಾದ ಪರಿಕಲ್ಪನೆಗಳನ್ನು ಬಾಳಿನಿಂದಲೇ ಬಲ್ಲ ಹರಿಹರ ತಾಲ್ಲೂಕಿನ ವಿದ್ಯಾರ್ಥಿ ಈ ಶಾಸ್ತ್ರಕ್ಕೆ ತರಬಹುದಾದ ಸಂಪತ್ತು ಈ ಹಂತದಲ್ಲಿಯೇ ಸೋರಿಹೋಗುತ್ತದೆ.

ಸರ್ಕಾರಕ್ಕೆ ಈ ವಿದ್ಯೆಯ ಅಗತ್ಯವಿಲ್ಲವೆಂದು ಯಾರೂ ಹೇಳುವಂತಿಲ್ಲ. ಸಮುದಾಯವೊಂದನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆ ಬಂದಾಗ, ಆ ಸಮುದಾಯದ ಮೂಲ, ಕುಲಪದ್ಧತಿ, ದೈವಗಳು, ವಾಸದ ನೆಲೆ ಮತ್ತು ಆರ್ಥಿಕ ಸ್ಥಿತಿಯನ್ನು ಪರಿಶೀಲಿಸಿ ವರದಿ ಮಾಡಬೇಕಾಗುತ್ತದೆ. ಪತ್ರಿಕೆಗಳಲ್ಲಿ ಆಗಾಗ ಕಾಣುವ ಕುಲಶಾಸ್ತ್ರೀಯ ಅಧ್ಯಯನ ಎಂಬುದು ಇದೇ. 1965ರ ಲೋಕೂರ್ ಸಮಿತಿ ಗುರುತಿಸಿದ ಲಕ್ಷಣಗಳು, ಅಂದರೆ ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ, ಇಂದಿಗೂ ಅದಕ್ಕೆ ಅಳತೆಗೋಲಾಗಿವೆ. ರಾಜ್ಯದ ಶಿಫಾರಸನ್ನು ಭಾರತದ ರಿಜಿಸ್ಟ್ರಾರ್ ಜನರಲ್ ಮತ್ತು ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗ ಒಪ್ಪಿದ ಮೇಲೆ, ಸಂಸತ್ತು ಕಾಯ್ದೆಯ ಮೂಲಕ ಪಟ್ಟಿಯನ್ನು ತಿದ್ದುತ್ತದೆ. ನಾಯಕ ಸಮುದಾಯದ ಪರ್ಯಾಯ ಹೆಸರುಗಳಾದ ಬೇಡ, ವಾಲ್ಮೀಕಿ ಮೊದಲಾದವು 1991ರಲ್ಲಿ ಇಂಥ ಕಾಯ್ದೆಯ ಮೂಲಕ ಸೇರಿದವು. ಪಂಗಡಗಳ ಮೀಸಲಾತಿ ಹೆಚ್ಚಿಸಬೇಕೆಂದು 2019ರಲ್ಲಿ ರಾಜನಹಳ್ಳಿಯ ಪೀಠದಿಂದ ಬೆಂಗಳೂರಿಗೆ ಪಾದಯಾತ್ರೆ ನಡೆದು, ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿಯ ನಂತರ 2022ರಲ್ಲಿ ರಾಜ್ಯ ಆ ಪ್ರಮಾಣವನ್ನು ಶೇ 3ರಿಂದ ಶೇ 7ಕ್ಕೆ ಏರಿಸಿತು. ಕುರುಬರ ಮತ್ತು ಕಾಡುಗೊಲ್ಲರ ಬೇಡಿಕೆಗಳ ಚರ್ಚೆಯೂ ಮಧ್ಯ ಕರ್ನಾಟಕದ ಜನರಿಗೆ ಚಿರಪರಿಚಿತ. ಲಕ್ಷಾಂತರ ಕುಟುಂಬಗಳ ಶಿಕ್ಷಣ ಮತ್ತು ಉದ್ಯೋಗ ಇಂಥ ವರದಿಗಳನ್ನು ಅವಲಂಬಿಸಿರುವಾಗ, ಬೇಡಿಕೆ ಎದ್ದ ಮೇಲೆ ತರಾತುರಿಯಲ್ಲಿ ತಂಡ ಕಟ್ಟಿ ಕೆಲವು ತಿಂಗಳಲ್ಲಿ ಮುಗಿಸುವುದಕ್ಕಿಂತ, ಜಿಲ್ಲೆಯಲ್ಲಿಯೇ ನೆಲೆಸಿ ವರ್ಷಗಟ್ಟಲೆ ಮಾಹಿತಿ ಕೂಡಿಸಿದವರು ಇರುವುದು ಎಲ್ಲ ಪಕ್ಷಗಳಿಗೂ ಹಿತ. ಅಂಥವರ ವರದಿಯನ್ನು ಪಕ್ಷಪಾತವೆಂದು ತಳ್ಳಿಹಾಕುವುದೂ ಕಷ್ಟ.

ಕಾನೂನಿನ ಕಡೆಯಿಂದ ನೋಡಿದರೆ ಚಿತ್ರ ಗೋಜಲಾಗಿದೆ. ಯುಜಿಸಿಯ 2018ರ ನಿಯಮಾವಳಿ ಗುತ್ತಿಗೆ ಅಧ್ಯಾಪಕರ ಸಂಖ್ಯೆ ಒಟ್ಟು ಹುದ್ದೆಗಳ ಶೇ 10ನ್ನು ಮೀರಬಾರದೆಂದೂ, ಅವರಿಗೆ ಕಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ಮಾಸಿಕ ವೇತನಕ್ಕಿಂತ ಕಡಿಮೆ ಕೊಡಬಾರದೆಂದೂ ಹೇಳಿತು. ಅತಿಥಿ ಅಧ್ಯಾಪಕರಿಗೆ ಪ್ರತಿ ಉಪನ್ಯಾಸಕ್ಕೆ 1,500 ರೂಪಾಯಿಯಂತೆ ತಿಂಗಳಿಗೆ ಗರಿಷ್ಠ 50,000 ಕೊಡಬಹುದೆಂದು 2019ರ ಜನವರಿಯ ಮಾರ್ಗಸೂಚಿ ತಿಳಿಸಿತು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿಗಳು ದುಡಿದಿರುವ ರಾಜ್ಯದಲ್ಲಿ ಈ ಎರಡು ಮಾತುಗಳೂ ಕಾಗದದ ಮೇಲೆ ಉಳಿದವು. 2025ರ ಜನವರಿಯಲ್ಲಿ ಪ್ರಕಟವಾದ ಹೊಸ ಕರಡು ನಿಯಮಾವಳಿ ಶೇ 10ರ ಮಿತಿಯನ್ನೇ ಕೈಬಿಟ್ಟಿತು. ಮಿತಿ ಪಾಲನೆಯಾಗದಿದ್ದರೂ ಅದನ್ನು ತೋರಿಸಿ ಕೇಳುವ ಹಕ್ಕಾದರೂ ಇತ್ತು. ಅದನ್ನು ತೆಗೆಯುವುದು ತಪ್ಪು ಹೆಜ್ಜೆ.

ತಾತ್ಕಾಲಿಕ ನೌಕರರ ಕಾಯಮಾತಿಯ ಬಗ್ಗೆ ದೇಶದಲ್ಲೆಲ್ಲ ಉಲ್ಲೇಖಗೊಳ್ಳುವ ತೀರ್ಪು ಕರ್ನಾಟಕದ ಪ್ರಕರಣದಿಂದಲೇ ಹುಟ್ಟಿದ್ದು. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಗೆ ಸಂಬಂಧಿಸಿದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು, ನಿಯಮಬದ್ಧ ಆಯ್ಕೆಯಿಲ್ಲದೆ ಬಂದವರು ದೀರ್ಘಕಾಲ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕು ಪಡೆಯುವುದಿಲ್ಲವೆಂದು ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಪರಿಗಣಿಸಬಹುದೆಂಬ ವಿನಾಯಿತಿಯೂ ಅದರಲ್ಲಿತ್ತು. ಪ್ರತಿ ವರ್ಷ ತುಂಡಾಗುವ ಅತಿಥಿ ಸೇವೆಯನ್ನು ನಿರಂತರ ಸೇವೆ ಎಂದು ತೋರಿಸುವುದು ಕಷ್ಟವಾದ್ದರಿಂದ ಆ ವಿನಾಯಿತಿ ಉಪನ್ಯಾಸಕರಿಗೆ ನೆರವಾಗಲಿಲ್ಲ. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದೀರ್ಘಕಾಲ ನಿತ್ಯದ ಕೆಲಸ ಮಾಡಿದವರಿಗೆ ನ್ಯಾಯ ನಿರಾಕರಿಸಲು ಉಮಾದೇವಿ ತೀರ್ಪನ್ನು ಬಳಸಬಾರದೆಂದು ಸ್ಪಷ್ಟಪಡಿಸಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರು ವೇತನ ಶ್ರೇಣಿಯ ಕನಿಷ್ಠ ಮಟ್ಟಕ್ಕೆ ಅರ್ಹರೆಂದು ತೀರ್ಮಾನಿಸಿತು.

ಹೊರದೇಶಗಳಲ್ಲಿಯೂ ಈ ಪ್ರವೃತ್ತಿ ಬೆಳೆದಿದೆ. ಅಮೆರಿಕದಲ್ಲಿ ಕಾಯಂ ಸೇವೆಯ ಹಾದಿಯ ಹೊರಗಿರುವ ಅಧ್ಯಾಪಕರ ಪ್ರಮಾಣ 1987ರಲ್ಲಿ ಶೇ 47ರಷ್ಟಿದ್ದುದು 2021ರ ಹೊತ್ತಿಗೆ ಶೇ 68ಕ್ಕೆ ಏರಿತ್ತು. ಜರ್ಮನಿಯಲ್ಲಿ ವಿಶ್ವವಿದ್ಯಾಲಯಗಳ ಅವಧಿಬದ್ಧ ನೇಮಕಕ್ಕೆಂದೇ 2007ರಲ್ಲಿ ಕಾನೂನು ಬಂದು, ಅದರ ವಿರುದ್ಧ 2021ರಲ್ಲಿ ಯುವ ಸಂಶೋಧಕರ ದೊಡ್ಡ ಪ್ರತಿಭಟನೆ ನಡೆಯಿತು. ಆದರೆ ಜರ್ಮನಿಯ ಕಾನೂನು ಪಿಎಚ್.ಡಿ.ಗೆ ಮೊದಲು ಆರು ವರ್ಷ, ಅನಂತರ ಆರು ವರ್ಷ ಎಂಬ ಲೆಕ್ಕದಲ್ಲಿ ಮಾತನಾಡುತ್ತದೆ. ಹರಿಹರದ ಅತಿಥಿ ಉಪನ್ಯಾಸಕರ ಲೆಕ್ಕ ತಿಂಗಳುಗಳದು.

ಎಲ್ಲ ಹುದ್ದೆಗಳೂ ಒಮ್ಮೆಗೇ ಕಾಯಂ ಆಗುವವರೆಗೆ ಕಾಯುವ ಅಗತ್ಯವಿಲ್ಲದೆ ಮಾಡಬಹುದಾದ ಕೆಲವು ಕೆಲಸಗಳಿವೆ. ಕ್ಷೇತ್ರಕಾರ್ಯ ಬೇಡುವ ಮಾನವಶಾಸ್ತ್ರ, ಸಮಾಜಶಾಸ್ತ್ರ, ಜಾನಪದ ವಿಷಯಗಳಲ್ಲಿ ನೇಮಕವನ್ನು ಕನಿಷ್ಠ ಮೂರು ವರ್ಷಕ್ಕೆ, ಒಂದೇ ಕಾಲೇಜಿಗೆ ಮಾಡಿ, ರಜೆಯ ತಿಂಗಳುಗಳಿಗೂ ಗೌರವಧನ ಕೊಟ್ಟರೆ, ಉಪನ್ಯಾಸಕರಿಗೆ ಎರಡು ಜಾತ್ರೆ, ಮೂರು ಸುಗ್ಗಿ ನೋಡುವಷ್ಟು ಕಾಲ ಸಿಗುತ್ತದೆ. ಮೂರನೆಯ ವರ್ಷದಲ್ಲಿ ಒಂದು ಸೆಮಿಸ್ಟರ್ ಕಾರ್ಯಭಾರವನ್ನು ಅರ್ಧಕ್ಕಿಳಿಸಿ, ಪದವಿ ವಿದ್ಯಾರ್ಥಿಗಳನ್ನು ಅವರವರ ಊರಿನ ವಂಶಾವಳಿ, ನೀರಿನ ಹಂಚಿಕೆ, ಕಸುಬುಗಳ ದಾಖಲೆಗೆ ತೊಡಗಿಸುವ ಹೊಣೆಯನ್ನು ಉಪನ್ಯಾಸಕರಿಗೆ ವಹಿಸಬಹುದು. ಕ್ಷೇತ್ರದಲ್ಲಿ ಕಳೆದ ವರ್ಷವನ್ನು ಬೋಧನಾ ಸೇವೆಗೆ ಸಮಾನವೆಂದು ಪರಿಗಣಿಸಿ ಅಂಕ ಕೊಟ್ಟರೆ ಮೇಲೆ ಹೇಳಿದ ಚಕ್ರ ಮುರಿಯುತ್ತದೆ, ಅದಕ್ಕೆ ಹಣವೂ ಬೇಕಾಗಿಲ್ಲ, ಒಂದು ಆದೇಶ ಸಾಕು.

ಹೀಗೆ ಸಂಗ್ರಹವಾದ ಟಿಪ್ಪಣಿಗಳ ರಕ್ಷಣೆಯ ಪ್ರಶ್ನೆಯೂ ಉಳಿದಿದೆ. ಶ್ರೀನಿವಾಸ್ ಅವರು ರಾಂಪುರದ ಬಗ್ಗೆ ಸಂಸ್ಕರಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದಾಗ, ಅವರು ಬಹುಮಟ್ಟಿಗೆ ನೆನಪಿನಿಂದ ಬರೆದ ರಾಂಪುರದ ಕೃತಿ 1976ರಲ್ಲಿ ಹೊರಬಂದಿತು. ಆ ಕೆಲಸಕ್ಕೆ ಬೇಕಾದ ಬಿಡುವು ಮತ್ತು ಆಶ್ರಯ ಅವರಿಗೆ ಸಂಸ್ಥೆಗಳಿಂದ ದೊರೆತಿತ್ತು. ಅತಿಥಿ ಉಪನ್ಯಾಸಕರ ಟಿಪ್ಪಣಿ ಪುಸ್ತಕಗಳು ಅವರ ಬಾಡಿಗೆ ಮನೆಗಳಲ್ಲಿ ಇರುತ್ತವೆ, ಊರು ಬದಲಾದಾಗ ಕೆಲವು ಕಳೆಯುತ್ತವೆ, ಕೆಲಸ ಬಿಟ್ಟಾಗ ಯಾರಿಗೂ ಬೇಡವಾಗುತ್ತವೆ. ಅವುಗಳ ಪ್ರತಿ ತೆಗೆದು, ಬರೆದವರ ಹೆಸರಿನಲ್ಲಿಯೇ, ಮಾಹಿತಿ ಕೊಟ್ಟ ಜನರ ಗುರುತು ಬಯಲಾಗದಂತೆ, ದಾವಣಗೆರೆಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿಯೋ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿಯೋ ಇಡುವ ವ್ಯವಸ್ಥೆ ಮಾಡಬೇಕು. ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದ ಕೊನೆಯ ತಲೆಮಾರಿನವರು ಈಗ ವಯಸ್ಸಾದವರು. ಅವರಿಂದ ಕೇಳಿ ಬರೆದುಕೊಳ್ಳುವ ಕೆಲಸ ಮೊದಲು ಆಗಬೇಕಾದದ್ದು, ಮತ್ತು ಅದನ್ನು ಈ ವರ್ಷವೇ ಆರಂಭಿಸಬಲ್ಲ ಉಪನ್ಯಾಸಕರು ಈ ಸೀಮೆಯ ಕಾಲೇಜುಗಳಲ್ಲಿ ಇದ್ದಾರೆ.